ನೋವಿಗೆ ಸೊನ್ನೆ ಅಂದವರು

ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಮಾಡಲು ಹೊರಟ ಹುಡುಗ ಹುಡುಗಿಯರು ಈಗಲೂ ನನ್ನ ಮನೆಗೆ ಬರುತ್ತಾರೆ. ನಿವೃತ್ತಳಾದ ಮೇಲೂ ನಾನು ಮಿರಜದಲ್ಲೇ ಇದ್ದೇನೆ. ಮನೆ ಸ್ಟೇಶನ್ನಿಂದ ನಡೆದು ಬರುವಷ್ಟು ಹತ್ತಿರ. ಚಹಾ ಕುಡಿದು, ನನ್ನ ಮಂಡಿನೋವು ವಿಚಾರಿಸಿ, ಕೊನೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಮ್ಯಾಡಂ, ನನ್ನ ಸಂಶೋಧನೆಗೆ ಯಾವ ಥಿಯರಿ ಹಚ್ಚಲಿ?" ಗೋಡೆಗೆ ಯಾವ ಬಣ್ಣ ಹಚ್ಚಲಿ ಎಂದು ಕೇಳಿದ ಹಾಗೆ.

"ವಾರ್ಡಿಗೆ ಹೋಗಿ ಬಂದೀರೇನು?" ಎಂದು ನಾನು ಕೇಳುತ್ತೇನೆ. ಮುದುಕಿ ಮಾತು ತಪ್ಪಿಸುತ್ತಿದ್ದಾಳೆ ಎಂದುಕೊಂಡು ಅವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತಪ್ಪಿಸುತ್ತಿಲ್ಲ. ಆ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಅದೊಂದೇ. ಯಾಕೆಂದು ಇಲ್ಲಿ ಬರೆಯುತ್ತೇನೆ.

ನಾನು ಮಿರಜದ ಹತ್ತಿರ, ಗಡಿಯಲ್ಲಿರುವ ಸಲಗರೆಯವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಅಪ್ಪನಿಗೆ ಕುರಿಗಳಿದ್ದವು, ಜೋಳ ಬೆಳೆಯುವಷ್ಟು ಹೊಲವಿತ್ತು. ಮಿರಜದಲ್ಲಿ ನರ್ಸಿಂಗ್ ಕಲಿತು, ಅಲ್ಲಿಯೇ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಬಹಳ ವರ್ಷ ದುಡಿದೆ. ತಲೆ ಅಲ್ಲಲ್ಲಿ ಬೆಳ್ಳಗಾದ ಮೇಲೆ ಮತ್ತೆ ಓದಿ, ಸಾಂಗಲಿಯ ಕಾಲೇಜೊಂದರಲ್ಲಿ ಪಾಠ ಹೇಳಿದೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎನ್ನುವುದು ನನಗೇ ಸರಿಯಾಗಿ ನೆನಪಿಲ್ಲ. ಅದರಿಂದ ನಿಮಗೂ ಉಪಯೋಗವಿಲ್ಲ.

ಸಿದ್ಧಾಂತದ ಮೊದಲ ಪಾಠ ನನಗೆ ಸಿಕ್ಕಿದ್ದು, ಸಿದ್ಧಾಂತ ಎಂಬ ಮಾತನ್ನೇ ಸಹಿಸದ ಒಬ್ಬ ಮೇಟ್ರನ್ ಬಾಯಿಂದ. ಗಂಜಿ ಹಾಕಿದ ಬಿಳಿ ಸೀರೆ, ಮೆತ್ತಗಿನ ಚಪ್ಪಲಿ, ಬಂದದ್ದೇ ಗೊತ್ತಾಗುತ್ತಿರಲಿಲ್ಲ. "ಸಿಸ್ಟರ್‌ಗೆ ಕಣ್ಣು ಬೇಕು, ಕೈ ಬೇಕು. ಪುಸ್ತಕ ಡಾಕ್ಟರಿಗೆ ಇರಲಿ" ಎನ್ನುತ್ತಿದ್ದರು. ಎದ್ದು ಕೂರಲಾಗದ ರೋಗಿಗಳ ಬೆನ್ನನ್ನು ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ, ಗಟ್ಟಿಯಾಗಿ ತಿಕ್ಕುವುದು ಆಗ ನಮ್ಮ ದಿನದ ಕೆಲಸ. ಬೆನ್ನಿಗೆ ಹುಣ್ಣಾಗದಿರಲಿ ಎಂದು. ಚರ್ಮ ಕೆಂಪಾದಲ್ಲಿ ಇನ್ನೂ ಜೋರಾಗಿ ತಿಕ್ಕಬೇಕು. ಯಾಕೆ ಎಂದು ನಾವು ಕೇಳಿದರೆ, "ತಿಕ್ಕಿದರೆ ರಕ್ತ ಓಡಾಡುತ್ತದೆ" ಎನ್ನುತ್ತಿದ್ದರು. ನಾವೂ ನಂಬಿದ್ದೆವು. ನಮಗೆ ಕಲಿಸಿದವರೂ ನಂಬಿದ್ದರು.

ಆಮೇಲೆ, ಕೆಂಪಾದ ಜಾಗವನ್ನು ತಿಕ್ಕಬಾರದು, ಅದರಿಂದ ಒಳಗಿನ ಮಾಂಸಕ್ಕೇ ಪೆಟ್ಟಾಗುತ್ತದೆ, ಭಾರ ಇಳಿಸುವುದೇ ಮುಖ್ಯ ಎಂಬ ಸೂಚನೆ ಬಂತು. ಮೇಟ್ರನ್ ಒಪ್ಪಲಿಲ್ಲ. ಒಂದು ವಾರ ಮುಖ ಗಂಟಿಕ್ಕಿಕೊಂಡು ಓಡಾಡಿದರು. ಆದರೆ ಆ ವಾರ ಪೂರ್ತಿ ಅವರು ಒಂದೊಂದೇ ಹಾಸಿಗೆಯ ಹತ್ತಿರ ಹೋಗಿ, ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಬಾಗಿ ನೋಡುತ್ತಿದ್ದರು. ಕೊನೆಗೆ ಒಂದು ಬೆಳಗ್ಗೆ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದರು: "ಇಲ್ಲಿಯವರೆಗೆ ನಾವು ರಕ್ತ ಓಡಾಡುತ್ತಿಲ್ಲ ಎಂದು ತಿಳಿದು ತಿಕ್ಕಿದೆವು. ರಕ್ತ ಓಡಾಡಲು ಅಡ್ಡಿಯಾದದ್ದು ಮೈಯ ಭಾರ. ಭಾರ ತೆಗೆಯದೆ ತಿಕ್ಕಿದರೆ ಏನು ಬಂತು? ಇವತ್ತಿನಿಂದ ತಿಕ್ಕಬೇಡಿ. ಹೊರಳಿಸಿ."

ಪುಸ್ತಕ ಬೇಡ ಎನ್ನುತ್ತಿದ್ದ ಆ ಹೆಂಗಸಿನ ತಲೆಯಲ್ಲೂ ಒಂದು ಸಿದ್ಧಾಂತ ಇತ್ತು ಎಂದು ನನಗೆ ಆವತ್ತು ಹೊಳೆಯಿತು. ನಮ್ಮ ಕೈ ಮಾಡುವ ಪ್ರತಿ ಕೆಲಸದ ಹಿಂದೆ "ಹೀಗೆ ಮಾಡಿದರೆ ಹೀಗಾಗುತ್ತದೆ, ಯಾಕೆಂದರೆ" ಎಂಬ ಒಂದು ಮಾತು ಇದ್ದೇ ಇರುತ್ತದೆ. ಆ "ಯಾಕೆಂದರೆ"ಯನ್ನು ಬಾಯಿಬಿಟ್ಟು ಹೇಳಿದರೆ ಅದು ತಪ್ಪೋ ಸರಿಯೋ ನೋಡಬಹುದು. ಹೇಳದೆ ಇದ್ದರೆ ತಿಕ್ಕುತ್ತಲೇ ಇರುತ್ತೇವೆ.

ಕಾಲೇಜಿಗೆ ಬಂದ ಮೇಲೆ ನಾನು ಕಂಡದ್ದು ಇದರ ತಿರುವುಮುರುವು. ಅಲ್ಲಿ ಎಲ್ಲ ಪ್ರಬಂಧದಲ್ಲೂ ಸಿದ್ಧಾಂತ ಇರುತ್ತಿತ್ತು. ಒಂದು ಪುಟದ ತುಂಬ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ಹಿಂದಿನ ವರ್ಷದವರ ಪ್ರಬಂಧದಿಂದ ಎತ್ತಿ, ರೋಗದ ಹೆಸರು ಬದಲಿಸಿ ಅಂಟಿಸಿದ್ದು. ಆ ಪುಟವನ್ನು ಹರಿದು ತೆಗೆದರೂ ಉಳಿದ ಪ್ರಬಂಧ ಒಂದು ಅಕ್ಷರ ಅಲುಗುತ್ತಿರಲಿಲ್ಲ. ನಾನು ಹಾಗೇ ಹೇಳುತ್ತಿದ್ದೆ: "ಇದನ್ನು ತೆಗೆದರೆ ನಿನ್ನ ಕೆಲಸಕ್ಕೆ ಏನು ಕಮ್ಮಿ ಆಗುತ್ತದೆ?" ಹೆಚ್ಚಿನವರು, "ಮಾರ್ಕು ಕಮ್ಮಿ ಆಗುತ್ತದೆ ಮ್ಯಾಡಂ" ಎನ್ನುತ್ತಿದ್ದರು. ಪ್ರಾಮಾಣಿಕರು.

ವೈಶಾಲಿ ನನ್ನ ಬಳಿ ಸಂಶೋಧನೆಗೆ ಬಂದದ್ದು ನನ್ನ ಕೊನೆಯ ವರ್ಷಗಳಲ್ಲಿ. ಮಾಧವನಗರದ ಹುಡುಗಿ. ಅವಳ ಅಜ್ಜ ಅಜ್ಜಿ ಗಿರಣಿ ಕೆಲಸಕ್ಕೆಂದು ಜಮಖಂಡಿ ಕಡೆಯಿಂದ ಬಂದವರು. ಮನೆಯಲ್ಲಿ ಅಜ್ಜಿ ಮಾತ್ರ ಕನ್ನಡ ಆಡುತ್ತಿದ್ದಳಂತೆ. ಇವಳಿಗೆ ಕೇಳಿದರೆ ತಿಳಿಯುತ್ತಿತ್ತು, ಆಡಲು ನಾಚಿಕೆ. ನನ್ನ ಜೊತೆ ಮರಾಠಿಯಲ್ಲೇ ಮಾತು. ಚುರುಕು ಹುಡುಗಿ, ಹಟಮಾರಿ, ಕೆಲಸಕ್ಕೆ ರಜೆ ಹಾಕಿ ಓದುತ್ತಿದ್ದಳು. ಪ್ರಬಂಧ ಹಿಂದೆ ಬಿದ್ದರೆ ಕೆಲಸ ಹೋಗುತ್ತದೆ ಎಂಬ ಭಯ ಅವಳಿಗೆ ಸದಾ ಇತ್ತು.

ಅವಳ ವಿಷಯ: ಶಸ್ತ್ರಚಿಕಿತ್ಸೆ ಆದ ಅಥವಾ ಮೂಳೆ ಮುರಿದ ಹೆಂಗಸರಿಗೆ ದೀರ್ಘವಾಗಿ ಉಸಿರೆಳೆದು ಬಿಡುವುದನ್ನು ಕಲಿಸಿದರೆ ನೋವು ಕಡಿಮೆಯಾಗುತ್ತದೆಯೇ? ನೋವನ್ನು ಅಳೆಯುವುದು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಿಂದ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದ್ದು. ಅವಳ ಪ್ರಬಂಧದಲ್ಲೂ ಒಂದು ಚೌಕ-ಬಾಣದ ಚಿತ್ರ ಇತ್ತು. ನಾನು ಕೇಳಿದೆ, ಅವಳೂ ಮಾರ್ಕಿನ ಮಾತನ್ನೇ ಆಡಿದಳು.

ಪ್ರಯೋಗಕ್ಕೆಂದು ಮಿರಜದ ವಾರ್ಡುಗಳಲ್ಲಿ ಕೆಲವರನ್ನು ಕೇಳಿ ಬಂದವಳು, ಕಾಲೇಜಿನ ವರಾಂಡದಲ್ಲಿ ನನ್ನನ್ನು ಹಿಡಿದಳು. ಮುಖ ಬಾಡಿತ್ತು.

"ಮ್ಯಾಡಂ, ಕರ್ನಾಟಕದ ಕಡೆಯಿಂದ ಬಂದ ಹೆಂಗಸರು ಎಲ್ಲರೂ ಸೊನ್ನೆ ಅಂತಾರೆ. ಬಹಳ ಆದರೆ ಒಂದು. ಮೊದಲೇ ಸೊನ್ನೆ ಇದ್ದರೆ ಉಸಿರಾಟದಿಂದ ಏನು ಕಡಿಮೆ ಆಗಬೇಕು? ಅವರನ್ನು ಬಿಟ್ಟುಬಿಡಲಾ? ಮರಾಠಿ ಬರುವವರು ಮಾತ್ರ ಅಂತ ನಿಯಮ ಹಾಕಿಕೊಂಡರೆ?"

ನನಗೆ ಸಿಟ್ಟು ಬಂತು. ಆ ವಾರ್ಡುಗಳಿಗೆ ಹಿಂದಿನಿಂದಲೂ ರೈಲು ಹತ್ತಿ ಬರುವವರು ಅವರೇ. ಅವರನ್ನು ಬಿಟ್ಟು ಮಿರಜದ ನೋವನ್ನು ಅಳೆಯುವುದೆಂದರೆ ಏನರ್ಥ? ಆದರೂ ತಡೆದುಕೊಂಡು ಕೇಳಿದೆ: "ಸೊನ್ನೆ ಅಂದವರಲ್ಲಿ ಒಬ್ಬರ ಹೆಸರು ಹೇಳು. ಹೇಗಿದ್ದರು ಹೇಳು."

"ಬಾಳವ್ವ ಅಂತ ಒಬ್ಬಾಕೆ. ಅಥಣಿ ಕಡೆಯವರು, ಕುರಿ ಕಾಯುವವರು. ಕಾಲುವೆ ದಾಟುವಾಗ ಬಿದ್ದು ಮೊಣಕಾಲ ಕೆಳಗೆ ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ಕಿತಿ ದುಖತಂಯ ಮಾವಶಿ, ಎಷ್ಟು ನೋವಿದೆ ಅಂತ ಕೇಳಿದೆ. ಸೊನ್ನೆ ಅಂದಳು." ಸ್ವಲ್ಪ ತಡೆದು, "ಆದರೆ ಮ್ಯಾಡಂ, ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಒದ್ದೆಯಾಗಿತ್ತು" ಎಂದಳು.

"ಯಾವಾಗ?"

"ಈಗ, ಬರುವ ಮುಂಚೆ."

ನಾನು ಪರ್ಸು ತೆಗೆದುಕೊಂಡು ಎದ್ದೆ. ಇಬ್ಬರೂ ಸಿಕ್ಕ ಆಟೋ ಹತ್ತಿ ಮಿರಜಕ್ಕೆ ಹೊರಟೆವು. ದಾರಿಯಲ್ಲಿ ಅವಳು ಏನೋ ಕೇಳುತ್ತಿದ್ದಳು. ನನ್ನ ತಲೆಯಲ್ಲಿ ಬಾಳವ್ವನ ಕಾಲೇ ಇತ್ತು. ಹೊಸ ಪ್ಲಾಸ್ಟರಿನೊಳಗೆ ಕಾಲು ಬಾತರೆ ಏನಾಗುತ್ತದೆ ಎಂಬುದನ್ನು ನಾನು ವಾರ್ಡಿನಲ್ಲಿ ನೋಡಿದ್ದೆ.

ಬಾಳವ್ವ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದಳು. ಐವತ್ತರ ಆಚೆಈಚೆ ವಯಸ್ಸು, ಹಣೆಯ ಮೇಲೆ ದೊಡ್ಡ ಕುಂಕುಮ. ಸೆರಗು ಹಲ್ಲಲ್ಲೇ ಇತ್ತು. ಪಕ್ಕದ ಸ್ಟೂಲಿನ ಮೇಲೆ ತಲೆಗೆ ಪಟಗಾ ಸುತ್ತಿದ ಒಬ್ಬ ಹಿರಿಯರು ಕೂತಿದ್ದರು. ಅವಳ ಗಂಡನ ಅಣ್ಣ. ನಾನು ಕನ್ನಡದಲ್ಲಿ ಮಾತಾಡಿಸಿದೆ.

"ಹೆಂಗ ಅದೀಯವ್ವಾ? ಕಾಲ ನೋಯತೈತೇನು?"

ಅವಳು ಸೆರಗು ಬಿಟ್ಟು ನಕ್ಕಳು. "ಏನಿಲ್ರಿ ಬಾಯಾರ. ಆರಾಮ ಅದೇನಿ."

ಅವಳ ಭಾಷೆಯಲ್ಲೇ ಕೇಳಿದರೂ ಉತ್ತರ ಅದೇ. ನಾನು ಆ ಹಿರಿಯರ ಕಡೆ ತಿರುಗಿದೆ. "ಕಾಕಾ, ಹೊರಗ ಹೋಗಿ ಒಂದು ಬಿಸ್ಲರಿ ಬಾಟ್ಲಿ ತಗೊಂಡ ಬರ್ರಿ." ಅವರು ಎದ್ದು ಹೋದರು. ನಾನು ಪ್ರಶ್ನೆ ಬದಲಿಸಿದೆ.

"ಈ ಕಾಲೀಲೆ ಈಗ ಏನ ಮಾಡಾಕ ಆಗವಲ್ದು, ಅದನ್ನ ಹೇಳು."

"ಬೆರಳ ಆಡಸಾಕ ಬರವಲ್ದ್ರಿ." ಅವಳ ದನಿ ಇಳಿಯಿತು. "ನನ್ನೂವ ಅಲ್ಲ ಅನ್ನೂಹಂಗ ಆಗ್ಯಾವ. ಒಳಗ ಯಾರೋ ಹಗ್ಗ ಹಾಕಿ ಜಗ್ಗಿಧಂಗ ಆಗತೈತಿ. ಮುಂಜಾನಿಂದ."

ನಾನು ಅವಳ ಹೆಬ್ಬೆರಳನ್ನು ಹಗುರವಾಗಿ ಮೇಲಕ್ಕೆ ಎತ್ತಿದೆ. ಅವಳು ಚೀರಲಿಲ್ಲ. ಕಣ್ಣಿನ ಎರಡೂ ತುದಿಯಿಂದ ನೀರು ಕಿವಿಯ ಕಡೆಗೆ ಹರಿಯಿತು, ಕೈ ಮಂಚದ ಸರಳನ್ನು ಹಿಡಿದುಕೊಂಡಿತು. ಬೆರಳ ಸಂದಿಯಲ್ಲಿ ಮುಟ್ಟಿದರೆ ಮುಟ್ಟಿದ್ದು ಅವಳಿಗೆ ಗೊತ್ತಾಗಲಿಲ್ಲ. ನಾನು ವೈಶಾಲಿಗೆ ಹೇಳಿದೆ: "ಓಡು. ಡಾಕ್ಟರನ್ನು ಕರೆದುಕೊಂಡು ಬಾ. ಪ್ಲಾಸ್ಟರ್ ಸೀಳಬೇಕು, ಈಗಲೇ, ಅಂತ ಹೇಳು."

ಅವಳು ಓಡಿದಳು. ಡಾಕ್ಟರು ಬಂದು ನೋಡಿದ ಕೂಡಲೇ ಪ್ಲಾಸ್ಟರ್ ಸೀಳಿಸಿದರು, ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಬಿಡಿಸಿದರು. ಕಾಲು ಬಾತು ಹೊಳೆಯುತ್ತಿತ್ತು, ಕಲ್ಲಿನ ಹಾಗೆ ಗಟ್ಟಿ. ಅಷ್ಟು ಸಾಲಲಿಲ್ಲ, ಥಿಯೇಟರಿಗೆ ಒಯ್ದು ಸ್ನಾಯುವಿನ ಹೊದಿಕೆಯನ್ನು ತೆರೆದು ಒತ್ತಡ ಇಳಿಸಿದರು. ಇನ್ನೂ ತಡವಾಗಿದ್ದರೆ ಕಾಲು ಸತ್ತುಹೋಗುತ್ತಿತ್ತು. ಬಾಳವ್ವನ ಕಾಲು ಉಳಿಯಿತು. ಮುಂದೆ ಊರುಗೋಲು ಹಿಡಿದು, ಆಮೇಲೆ ಊರುಗೋಲಿಲ್ಲದೆ ನಡೆದಳು.

ಅವತ್ತು ಸಂಜೆ ವೈಶಾಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. "ನಾನು ಸೊನ್ನೆ ಅಂತ ಬರೆದುಕೊಂಡು ಹೊರಟುಹೋಗಿದ್ದೆ ಮ್ಯಾಡಂ."

"ಹೊರಟುಹೋದವಳು ಸೆರಗಿನ ಮಾತು ಹೇಳುತ್ತಿರಲಿಲ್ಲ" ಎಂದೆ. "ನಿನ್ನ ಕಣ್ಣು ನೋಡಿತ್ತು. ನಿನ್ನ ಪ್ರಶ್ನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ, ಅಷ್ಟೇ."

ನಾನು ಅವಳಿಗೆ ಸಿದ್ಧಾಂತ ಎಂದರೇನು ಎಂದು ವಿವರಿಸಿದ್ದು ಆ ಮೆಟ್ಟಿಲ ಮೇಲೆ. ನೋವು ಒಬ್ಬರ ಒಳಗೆ ಇರುವ ಪದಾರ್ಥ, ಪ್ರಶ್ನೆ ಕೇಳಿದರೆ ಅದರ ತೂಕ ಹೊರಗೆ ಬರುತ್ತದೆ ಎಂದು ಅವಳು ನಂಬಿದ್ದಳು. ಚೌಕ-ಬಾಣದ ಪುಟದಲ್ಲಿ ಎಲ್ಲೂ ಬರೆಯದಿದ್ದರೂ ಅವಳ ನಿಜವಾದ ಸಿದ್ಧಾಂತ ಅದೇ. ಆ ಸಿದ್ಧಾಂತದ ಪ್ರಕಾರ ಸೊನ್ನೆ ಎಂದರೆ ಸೊನ್ನೆ. ಸೆರಗು ಲೆಕ್ಕಕ್ಕೆ ಬರುವುದಿಲ್ಲ. ಬೇರೆ ಸಿದ್ಧಾಂತ ಇಟ್ಟುಕೊಂಡರೆ ಸೆರಗೇ ಮೊದಲು ಕಾಣುತ್ತದೆ.

ಗಾಯ ಮಾಗುತ್ತಾ ಬಂದ ಮೇಲೆ ನಾವಿಬ್ಬರೂ ಬಾಳವ್ವನ ಬಳಿ ಕೂತೆವು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಬೈಯುತ್ತೇನೆ ಎಂದುಕೊಂಡಳೋ ಏನೋ, ಸೆರಗು ಸರಿಪಡಿಸಿಕೊಳ್ಳುತ್ತಾ ಹೇಳಿದಳು.

"ನಮ್ಮ ಭಾವಾರು ಕುಂತಿದ್ರಲ್ರಿ ಬಾಯಾರ. ಕುರಿ ಅಲ್ಲೇ ಮಂದಿ ಕೈಯಾಗ ಬಿಟ್ಟು ಬಂದಾರ. ನಾ ನೋಯತೈತಿ ಅಂದ್ರ ಅವರು ಹೋಗಾವ್ರಲ್ಲ, ನಿಂತಬಿಡ್ತಿದ್ರು." ಆಮೇಲೆ ವೈಶಾಲಿಯ ಕಡೆ ನೋಡಿ, "ಈ ತಂಗಿ ಹತ್ತು ಅಂದ್ರ ತಡಿಯಾಕ ಆಗಲಾರದ್ದು ಅಂದ್ಲು. ನಾ ತಡದಿದ್ನಲ್ರಿ! ಬ್ಯಾನಿ ಅಂದ್ರ ಹಡಿಯೂ ಮುಂದ ತಿನ್ನೂದು. ಇದಕ್ಕ ಏನಂತ ಹೇಳಲಿ?"

ವೈಶಾಲಿಗೆ ಅದೆಲ್ಲ ತಿಳಿಯಿತು ಎಂದು ಅವಳ ಮುಖದಲ್ಲೇ ಗೊತ್ತಾಯಿತು. ಇದ್ದಕ್ಕಿದ್ದಂತೆ ಅವಳು ಕನ್ನಡದಲ್ಲಿ ಬಾಯಿ ತೆರೆದಳು: "ಮಾವಶಿ, ನಾ ನಿಮಗ... ಮತ್ತ ಒಮ್ಮೆ ಕೇಳು ಮಾಡ್ಲಿ?"

ಬಾಳವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕದ ಹಾಸಿಗೆಯವಳೂ ನಕ್ಕಳು. "ಕೇಳು ಮಾಡವ್ವಾ, ಕೇಳು ಮಾಡು! ಯಾರ ಮಗಳ ನೀ?" ಅಲ್ಲಿಂದ ಮುಂದೆ ಅವರು ಅವಳಿಗೆ ಕನ್ನಡ ತಿದ್ದುವುದು, ಅವಳು ಅವರನ್ನು ಮಾತಾಡಿಸುವುದು, ಎರಡೂ ಒಟ್ಟಿಗೆ ನಡೆಯಿತು. ನಾನು ಇಪ್ಪತ್ತು ಪುಟ ಪಾಠ ಹೇಳಿದ್ದರೂ ಅಷ್ಟು ಆಗುತ್ತಿರಲಿಲ್ಲ.

ವೈಶಾಲಿ ತನ್ನ ವಿಷಯವನ್ನೇ ಬದಲಿಸಿದಳು. ಉಸಿರಾಟವನ್ನು ಬಿಟ್ಟಳು. ಗಡಿಭಾಗದ ಹೆಂಗಸರು ನೋವನ್ನು ಯಾರಿಗೆ ಹೇಳುತ್ತಾರೆ, ಯಾರ ಮುಂದೆ ಮುಚ್ಚುತ್ತಾರೆ, ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದೇ ಹೊಸ ವಿಷಯ. ಅವಳ ಸಿದ್ಧಾಂತವನ್ನು ನಾವಿಬ್ಬರೂ ಸೇರಿ ಒಂದು ವಾಕ್ಯಕ್ಕೆ ತಂದೆವು: ನೋವನ್ನು ಪರಭಾಷೆಯಲ್ಲಿ ಕೇಳಿದಾಗ ರೋಗಿ ಅದನ್ನು ಮುಚ್ಚುತ್ತಾಳೆ. ಭಾವನವರ ಬಗ್ಗೆ ಬಾಳವ್ವ ಆಡಿದ ಮಾತು ನಮ್ಮಿಬ್ಬರ ಕಿವಿಗೂ ಬಿದ್ದಿತ್ತು, ಆದರೂ ಭಾಷೆಯನ್ನೇ ಮುಂದೆ ಇಟ್ಟೆವು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆ ಆಡಿ ಬೆಳೆದ ನನಗೆ ಎಲ್ಲದಕ್ಕೂ ಭಾಷೆಯೇ ಕಾರಣ ಎಂದು ಖಾತ್ರಿಯಾಗಿತ್ತು.

ವಿಷಯ ಬದಲಿಸಿದರೆ ಮತ್ತೆ ಸಮಿತಿಯ ಒಪ್ಪಿಗೆ ಬೇಕು. ಅಧ್ಯಕ್ಷರು ಪುಣೆಯಿಂದ ಬರುತ್ತಿದ್ದ ಹಿರಿಯ ಪ್ರಾಧ್ಯಾಪಕರು. ಅವರ ಹೆಸರು ಕೇಳಿದರೆ ವಿದ್ಯಾರ್ಥಿಗಳು ಬೆವರುತ್ತಿದ್ದರು. ಅವರು ಪುಟ ತಿರುವಿ, ಕನ್ನಡಕ ತೆಗೆದು, ಮರಾಠಿಯಲ್ಲಿ ಕೇಳಿದರು:

"ಚಿತ್ರ ಎಲ್ಲಿ? ಇದು ಯಾರ ಥಿಯರಿ?"

"ನಮ್ಮದು ಸರ್. ವಾರ್ಡಿನಿಂದ ಬಂದದ್ದು" ಎಂದಳು ವೈಶಾಲಿ.

"ವಾರ್ಡಿನಿಂದ ಕಥೆ ಬರುತ್ತದೆ. ಕಥೆಗೂ ಥಿಯರಿಗೂ ಏನು ವ್ಯತ್ಯಾಸ?"

ವೈಶಾಲಿ ನನ್ನ ಕಡೆ ನೋಡಿದಳು.

ಅವರೇ ಮುಂದುವರಿಸಿದರು: "ಹಿಂದೆ ನೀನು ಎಲ್ಲರ ಮಾತನ್ನೂ ನಂಬಿದೆ. ಈಗ ಯಾರಾದರೂ ನೋವಿಲ್ಲ ಎಂದರೆ, ಮುಚ್ಚುತ್ತಿದ್ದಾಳೆ ಎನ್ನುತ್ತೀಯ. ನೋವಿದೆ ಎಂದರೆ, ನೋಡಿ ಹೇಳಿದಳು ಎನ್ನುತ್ತೀಯ. ಏನು ಹೇಳಿದರೂ ನೀನೇ ಸರಿ. ನೀನು ತಪ್ಪು ಎಂದು ನಿನಗೆ ಗೊತ್ತಾಗುವುದು ಹೇಗೆ? ಅದನ್ನು ಹೇಳು, ಸಹಿ ಮಾಡುತ್ತೇನೆ. ಇಲ್ಲದಿದ್ದರೆ ಹಳೆಯ ವಿಷಯವನ್ನೇ ಮಾಡು, ಮುಂದಿನ ವರ್ಷ ಬಾ."

ಕಠಿಣ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಮಟ್ಟಿಗೆ, ನಾನು ವೃತ್ತಿಯಲ್ಲಿ ಕೇಳಿದ ಅತ್ಯುತ್ತಮ ಪ್ರಶ್ನೆ ಅದು.

ವೈಶಾಲಿ ಮೇಜಿನ ಅಂಚನ್ನು ಹಿಡಿದುಕೊಂಡು ನಿಧಾನವಾಗಿ ಹೇಳಿದಳು: "ಸರ್, ಒಬ್ಬಾಕೆಯನ್ನು ಒಂದೇ ದಿನ ಮರಾಠಿಯಲ್ಲೂ ಕೇಳುತ್ತೇನೆ, ಕನ್ನಡದಲ್ಲೂ ಕೇಳುತ್ತೇನೆ. ಮನೆಯವರು ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ. ಭಾಷೆ ಬದಲಾದರೂ ಉತ್ತರ ಬದಲಾಗದಿದ್ದರೆ ನನ್ನ ಥಿಯರಿ ತಪ್ಪು."

ಅವರು ಕನ್ನಡಕ ಹಾಕಿಕೊಂಡರು. "ಮರಾಠಿ ಹೆಂಗಸರನ್ನೂ ಕೇಳು. ಬರೀ ಒಂದು ಕಡೆ ನೋಡಬೇಡ" ಎಂದು ಹೇಳಿ ಸಹಿ ಮಾಡಿದರು.

ಆ ಮಳೆಗಾಲವೆಲ್ಲ ಅವಳು ಮಿರಜದ ವಾರ್ಡುಗಳಲ್ಲೇ ಇದ್ದಳು. ಒಂದು ಮಧ್ಯಾಹ್ನ ಕೊಡೆಯನ್ನೂ ಮಡಚದೆ ನನ್ನ ಕೋಣೆಗೆ ನುಗ್ಗಿದಳು. ಮುಖದಲ್ಲಿ ಖುಷಿಯೋ ಹೆದರಿಕೆಯೋ ಗೊತ್ತಾಗಲಿಲ್ಲ.

"ಮ್ಯಾಡಂ, ನಮ್ಮ ಥಿಯರಿ ಮುರೀತು!"

ಮರಾಠಿಯನ್ನೇ ಆಡುವ ಸಾಂಗಲಿಯ ಹೆಂಗಸರೂ ಅತ್ತೆ, ಮಾವ, ಗಂಡ ಪಕ್ಕದಲ್ಲಿದ್ದರೆ ನೋವನ್ನು ಮುಚ್ಚುತ್ತಿದ್ದರು. ಕನ್ನಡದವರು, ಪಕ್ಕದಲ್ಲಿ ತಾಯಿಯೋ ಅಕ್ಕನೋ ಮಾತ್ರ ಇದ್ದರೆ, ಮರಾಠಿಯಲ್ಲಿ ಕೇಳಿದರೂ ಕೈಸನ್ನೆ ಮಾಡಿ ಹೇಳುತ್ತಿದ್ದರು. ಭಾಷೆಯಿಂದ ಸ್ವಲ್ಪ ಅನುಕೂಲ ಆಗುತ್ತಿತ್ತು, ಸುಳ್ಳಲ್ಲ. ಆದರೆ ಬಾಯಿ ಕಟ್ಟುತ್ತಿದ್ದದ್ದು ಭಾಷೆಯಲ್ಲ. ಬಾಯಿ ಕಟ್ಟುತ್ತಿದ್ದದ್ದು, ನನಗೆ ನೋವು ಎಂದರೆ ಇವರಿಗೆ ತೊಂದರೆಯಾಗುತ್ತದೆ ಎಂದು ರೋಗಿ ಯೋಚಿಸುವಂಥ ಮನುಷ್ಯ ಪಕ್ಕದಲ್ಲಿ ಇರುವುದು.

ನನಗೆ ಆ ಕ್ಷಣ ಪಿಚ್ಚೆನಿಸಿತು. ಭಾಷೆಯ ಮಾತು ನನ್ನದು. ನನ್ನ ಇಡೀ ಬದುಕೇ ಅದಕ್ಕೆ ಸಾಕ್ಷಿ ಎಂದುಕೊಂಡಿದ್ದೆ. ಆದರೆ ಅವಳು ಹೇಳುತ್ತಾ ಹೋದ ಹಾಗೆ, ಆ ದಿನ ಭಾವನವರನ್ನು ನೀರು ತರಲು ಕಳಿಸಿದ್ದು ನಾನೇ ಅಲ್ಲವೇ ಎಂದು ಹೊಳೆದು ನಗು ಬಂತು. ನನ್ನ ಕೈ ಮಾಡಿದ್ದನ್ನು ನನ್ನ ತಲೆ ಒಪ್ಪಿರಲಿಲ್ಲ. ಚಹಾ ತರಿಸಿದೆ. ಹಳೆಯ ವಾಕ್ಯ ಹೊಡೆದುಹಾಕಿ ಹೊಸದನ್ನು ಬರೆದೆವು: ನೋವಿನ ಉತ್ತರವನ್ನು ರೋಗಿ ಪ್ರಶ್ನೆ ಕೇಳುವವರಿಗಲ್ಲ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವವರಿಗೆ ಕೊಡುತ್ತಾಳೆ.

ಆ ವಾಕ್ಯದಿಂದ ಬಾಳವ್ವನಿದ್ದ ವಾರ್ಡಿನಲ್ಲಿ ಎರಡು ಬದಲಾವಣೆ ಆದವು. ನೋವು ಕೇಳುವ ಮುಂಚೆ ಸಿಸ್ಟರ್‌ಗಳು ಮನೆಯವರನ್ನು ಏನಾದರೂ ನೆಪ ಹೇಳಿ ಹೊರಗೆ ಕಳಿಸತೊಡಗಿದರು. ಅಂಕಿಯ ಜೊತೆಗೆ "ಏನು ಮಾಡಲು ಆಗುತ್ತಿಲ್ಲ?" ಎಂದೂ ಕೇಳತೊಡಗಿದರು. ಇಷ್ಟೇ. ಸಿದ್ಧಾಂತ ಎಂದರೆ ಆಕಾಶದಲ್ಲಿ ಇರುವಂಥದ್ದು ಎಂದು ಯಾರಾದರೂ ಹೇಳಿದರೆ, ಗುಳಿಗೆ ತರಲು ಮೆಟ್ಟಿಲಿಳಿದು ಹೋಗುವ ಆ ಗಂಡಸರನ್ನು ನಾನು ನೆನೆಸಿಕೊಳ್ಳುತ್ತೇನೆ.

ವೈಶಾಲಿ ಪಾಸಾದಳು. ಈಗ ಅವಳೇ ಸಂಶೋಧನೆಯ ಪಾಠ ಹೇಳುತ್ತಾಳೆ. ಕನ್ನಡ ಈಗ ಸಲೀಸಾಗಿದೆ; ನನ್ನ ಜೊತೆ ಬೇಕೆಂದೇ ಕನ್ನಡದಲ್ಲಿ ಮಾತಾಡುತ್ತಾಳೆ. ಮೊನ್ನೆ ಫೋನ್ ಮಾಡಿದಳು. ದನಿಯಲ್ಲಿ ಸಿಡುಕಿತ್ತು.

"ಮ್ಯಾಡಂ, ನನ್ನ ಹತ್ರ ಒಬ್ಬಾಕಿ ವಿದ್ಯಾರ್ಥಿನಿ ಅದಾಳ. ಬೈಕ್ ಬಿದ್ದು ಬಂದ ಹುಡುಗರನ್ನ ಕೇಳ್ಯಾಳ. ತಾಯಿ ಮುಂದ ಇದ್ದಾಗ ಹತ್ತು ಅಂತಾರಂತ, ತಾಯಿ ಹೊರಗ ಹೋದ್ರ ಮೂರು ಅಂತಾರಂತ. ಹೆಂಗ ಸಾಧ್ಯ ಐತ್ರಿ? ಮನಿಯವರ ಮುಂದ ನೋವು ಮುಚ್ಚತಾರ ಅಂತಲ್ಲ ನಾವು ಬರದದ್ದು? ಇಕಿ ಸರಿಯಾಗಿ ಕೇಳಿಲ್ಲ ಅನಸ್ತೈತಿ."

"ನೀ ಹೋಗಿ ನೋಡಿದೇನು?"

"ಇಲ್ರಿ."

"ಆ ಹುಡುಗಿ ಏನಂತಾಳ?"

"ತಾಯಿ ಬೈಬಾರದು ಅಂತ ಜಾಸ್ತಿ ಹೇಳತಾರ ಅಂತಾಳ. ಬೈಕ್ ಕೊಡಸಬ್ಯಾಡ ಅಂತ ತಾಯಿ ಮೊದಲ ಹೇಳಿದ್ಲಂತ."

ನಾನು ನಕ್ಕುಬಿಟ್ಟೆ. "ವೈಶಾಲಿ, ಹುಡುಗಿ ಶ್ಯಾಣೆ ಅದಾಳ. ನಮ್ಮ ವಾಕ್ಯದಾಗ ಮುಚ್ಚತಾರ ಅಂತ ಎಲ್ಲೈತಿ? ನಾವು ಅರ್ಧಾನ ನೋಡಿದ್ವಿ, ಇಕಿ ಉಳದರ್ಧ ತಂದಾಳ. ಮತ್ತ ನೀ ಸಿಟ್ಟ ಮಾಡ್ಕೊಂಡ ಕುಂತೀಯಲ್ಲ?"

ಫೋನಿನ ಆ ಕಡೆ ಕುರ್ಚಿ ಸರಿಸಿದ ಸದ್ದು ಕೇಳಿಸಿತು. ನನಗೆ "ಇಡ್ತೇನ್ರಿ" ಎಂದೂ ಹೇಳದೆ, ಅಲ್ಲೇ ಇದ್ದ ಆ ವಿದ್ಯಾರ್ಥಿನಿಗೆ ವೈಶಾಲಿ ಮರಾಠಿಯಲ್ಲಿ ಹೇಳುತ್ತಿದ್ದಳು: "ಚಲ್ ಗ, ವಾರ್ಡಮಧ್ಯೆ ಜಾವೂಯಾ. ಮಲಾ ದಾಖವ." ನಡೆ, ವಾರ್ಡಿಗೆ ಹೋಗೋಣ. ನನಗೆ ತೋರಿಸು.